ತಂತಿಯ ಕೆಳಗಿನ ಸಾಲು

ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಣಹಾಕಲು ಕಟ್ಟಿರುವ ತಂತಿಯ ಕೆಳಗೆ ಸಸಿಗಳ ಒಂದು ಸಾಲಿದೆ. ದಾರ ಹಿಡಿದು ನೆಟ್ಟಷ್ಟು ನೇರವಾಗಿರುವ ಆ ಸಾಲನ್ನು ಮನೆಯವರು ಯಾರೂ ನೆಟ್ಟಿಲ್ಲ. ಮೂರು ವರ್ಷಗಳ ಹಿಂದಿನ ಮಳೆಗಾಲದಲ್ಲಿ, ಕಳೆ ಕೀಳಲೆಂದು ಕುಕ್ಕರಗಾಲಿನಲ್ಲಿ ಕುಳಿತಾಗ, ಅದನ್ನು ಮೊದಲ ಬಾರಿಗೆ ಗಮನಿಸಿದೆ. ಒಂದು ಬಸಳೆ, ಅದರ ಪಕ್ಕದಲ್ಲಿ ಎರಡು ಗಣಿಕೆ ಸೊಪ್ಪಿನ ಗಿಡ, ತುಸು ದೂರದಲ್ಲಿ ತೊಂಡೆಯ ಎಳೆಬಳ್ಳಿ, ಒಂದು ಸೂಜಿಮೆಣಸು, ಹೆಸರು ತಿಳಿಯದ ಇನ್ನೂ ಎರಡು ಮೂರು ಸಸಿಗಳು, ಎಲ್ಲವೂ ತಂತಿಯ ನೇರ ಕೆಳಗೆ, ಹೆಚ್ಚೆಂದರೆ ಒಂದು ಗೇಣು ಅತ್ತಿತ್ತ, ಸಾಲಾಗಿ ನಿಂತಿದ್ದವು. ತಲೆಯೆತ್ತಿ ನೋಡಿದರೆ ತಂತಿಯ ಮೇಲೆ ಜುಟ್ಟಿನ ಪಿಕಳಾರವೊಂದು ಕುಳಿತು, ಕುತ್ತಿಗೆ ಓರೆ ಮಾಡಿ ಕೆಳಗೆ ನೋಡುತ್ತಿತ್ತು. ಅಂದು ಆ ಸಾಲನ್ನು ಮುಟ್ಟದೆ ಎದ್ದು ಬಂದೆ. ಅಂದಿನಿಂದ ಇಂದಿನವರೆಗೆ ನಮ್ಮ ಕೈತೋಟದಲ್ಲಿ ನಾವು ನೆಟ್ಟ ಗಿಡಗಳಿಗಿಂತ ಹಕ್ಕಿಗಳು ತಂದ ಗಿಡಗಳ ಮೇಲೆಯೇ ನನಗೆ ಹೆಚ್ಚು ಗಮನ, ಹೆಚ್ಚು ಪ್ರೀತಿ.

ಹಕ್ಕಿ ಹಣ್ಣು ತಿನ್ನುತ್ತದೆ, ಬೀಜ ಹಿಕ್ಕೆಯಲ್ಲಿ ಬೀಳುತ್ತದೆ, ಗಿಡ ಹುಟ್ಟುತ್ತದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ. ಆದರೆ ಗೊತ್ತಿರುವುದಕ್ಕೂ ಕುಳಿತು ನೋಡುವುದಕ್ಕೂ ಬಹಳ ಅಂತರವಿದೆ. ಒಂದು ಬೆಳಿಗ್ಗೆ ಬೇಲಿಯ ಮೇಲೆ ಹಬ್ಬಿದ್ದ ಬಸಳೆಯ ಮುಂದೆ ಸುಮ್ಮನೆ ಕುಳಿತೆ. ಬಳ್ಳಿಯ ತುದಿಯ ಗೊಂಚಲುಗಳಲ್ಲಿ ಹಸಿರು, ಕೆಂಗಪ್ಪು, ಕಡುನೇರಳೆ ಹಣ್ಣುಗಳು ಒಟ್ಟಿಗೇ ಇದ್ದವು. ಪಿಕಳಾರ ಬಂದು ಕುಳಿತಾಗ ಬಳ್ಳಿ ಒಂದು ಸಲ ತೂಗಿತು. ಅದು ಹಸಿರು ಕಾಯಿಗಳನ್ನು ಕೊಕ್ಕಿನಿಂದ ಸೋಕಿಸಲೂ ಇಲ್ಲ. ಪೂರ್ತಿ ಮಾಗಿದ ಒಂದನ್ನೇ ಆರಿಸಿ, ಕೊಕ್ಕಿನ ತುದಿಯಲ್ಲಿ ಹಿಡಿದು ತಿರುಚಿ ಕಿತ್ತು, ತಲೆಯನ್ನು ಹಿಂದಕ್ಕೆ ಒಮ್ಮೆ ಕೊಡವಿ ಇಡಿಯಾಗಿ ನುಂಗಿತು. ಹೀಗೆ ನಾಲ್ಕು ಹಣ್ಣು. ಐದನೆಯದು ಕೊಕ್ಕಿನಲ್ಲೇ ಒಡೆದು, ಎದೆಯ ಬಿಳಿ ಗರಿಗಳ ಮೇಲೆ ನೇರಳೆ ಹನಿಯೊಂದು ಇಳಿಯಿತು. ಬಳಿಕ ಅದು ತಂತಿಗೆ ಹಾರಿ, ಕೊಕ್ಕಿನ ಎರಡೂ ಮಗ್ಗುಲನ್ನು ತಂತಿಗೆ ಉಜ್ಜಿ ಒರೆಸಿಕೊಂಡು, ಗರಿ ಉಬ್ಬಿಸಿ ಕುಳಿತಿತು. ಹಣ್ಣು ತಿನ್ನುವ ಸಣ್ಣ ಹಕ್ಕಿಗಳ ಹೊಟ್ಟೆಯಲ್ಲಿ ಆಹಾರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎಷ್ಟೋ ಸಲ ಅರ್ಧ ಗಂಟೆಯ ಆಸುಪಾಸಿನಲ್ಲಿ ಬೀಜಗಳು ಹೊರಬೀಳುತ್ತವೆ. ಹಾರಬೇಕಾದ ಜೀವಕ್ಕೆ ಹೊರೆ ಹೊತ್ತು ತಿರುಗುವುದು ದುಬಾರಿ. ತಂತಿಯ ಮೇಲಿನ ಆ ವಿರಾಮದ ಹೊತ್ತಿನಲ್ಲಿಯೇ ನಮ್ಮ ಸಾಲು ಬಿತ್ತನೆಯಾಗುತ್ತಿತ್ತು. ಒಗೆದು ಹಾಕಿದ ಬಿಳಿ ಬಟ್ಟೆಗಳ ಮೇಲೆ ಆಗಾಗ ಕಾಣುತ್ತಿದ್ದ ನೇರಳೆ ಕಲೆಗಳಿಗೂ ಅದೇ ಕಾರಣ. ಅಮ್ಮ ಆ ಕಲೆಗಳಿಗೆ ಹೆದರಿ ಬಟ್ಟೆಯ ತಂತಿಯನ್ನು ಬೇರೆ ಕಡೆ ಕಟ್ಟಿಸಿದರು. ಹಳೆಯ ತಂತಿಯನ್ನು ಮಾತ್ರ ಬಿಚ್ಚಬೇಡಿರೆಂದು ನಾನು ಕೇಳಿಕೊಂಡೆ. ಈಗ ಅದು ಹಕ್ಕಿಗಳಿಗೇ ಮೀಸಲು.

ಹಿಕ್ಕೆಯಲ್ಲಿ ಬಿದ್ದ ಬೀಜ ಚೆನ್ನಾಗಿ ಹುಟ್ಟುವುದಕ್ಕೆ ಹಿಕ್ಕೆಯ ಗೊಬ್ಬರವೇ ಕಾರಣವೆಂದು ಬಹಳ ಮಂದಿ ನಂಬುತ್ತಾರೆ. ಅಷ್ಟು ಚಿಕ್ಕ ತೊಟ್ಟು ಹಿಕ್ಕೆಯಲ್ಲಿರುವ ಸಾರ ಒಂದು ಸಸಿಗೆ ಎಷ್ಟು ದಿನ ಸಾಕಾದೀತು? ನಿಜವಾದ ಉಪಕಾರ ಬೇರೆ ಎರಡು ಕಡೆ ಇದೆ. ಮೊದಲನೆಯದು, ಹಣ್ಣಿನ ತಿರುಳು ಕಳಚುವುದು. ಅನೇಕ ಹಣ್ಣುಗಳ ತಿರುಳಿನಲ್ಲಿ ಮೊಳಕೆಯನ್ನು ತಡೆಯುವ ಅಂಶಗಳಿರುತ್ತವೆ. ಮೇಲಾಗಿ ತಿರುಳಿನ ಸಹಿತ ನೆಲಕ್ಕೆ ಬಿದ್ದ ಬೀಜಕ್ಕೆ ಬೂಷ್ಟು ಹಿಡಿಯುವುದು ಬೇಗ. ಹಕ್ಕಿಯ ಹೊಟ್ಟೆ ಆ ಬೀಜವನ್ನು ತೊಳೆದು ಕೊಡುತ್ತದೆ. ಎರಡನೆಯದು, ದೂರ. ತಾಯಿಗಿಡದ ಬುಡದಲ್ಲೇ ಬಿದ್ದ ಬೀಜಗಳು ಅದೇ ಜಾತಿಯನ್ನು ಹುಡುಕಿಕೊಂಡು ಬರುವ ಹುಳು, ಶಿಲೀಂಧ್ರಗಳಿಗೆ ಸುಲಭವಾಗಿ ಸಿಕ್ಕಿಬೀಳುತ್ತವೆ. ದೂರ ಹೋದ ಬೀಜಕ್ಕೆ ಬದುಕುವ ಅವಕಾಶ ಹೆಚ್ಚು ಎಂಬ ವಿಚಾರವನ್ನು 1970ರಲ್ಲಿ ಡೇನಿಯಲ್ ಜಾನ್ಜೆನ್, 1971ರಲ್ಲಿ ಜೋಸೆಫ್ ಕಾನೆಲ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಮಂಡಿಸಿದ್ದರು. ಕಾಡಿನ ಮರಗಳ ಬಗ್ಗೆ ಅವರು ಹೇಳಿದ್ದು ಬೇಲಿಯ ಬಸಳೆಗೂ ಹೊಂದುತ್ತದೆ ಎಂದು ನನಗೆ ಅನ್ನಿಸುತ್ತದೆ. ಬಳ್ಳಿಯ ಬುಡದಲ್ಲಿ ನೂರಾರು ಹಣ್ಣು ಉದುರಿದರೂ ಅಲ್ಲಿ ಹುಟ್ಟಿದವು ನಾಲ್ಕೆಲೆಯ ಹಂತ ದಾಟಿದ್ದನ್ನು ನಾನು ನೋಡಿದ್ದು ಕಡಿಮೆ.

ಈ ವಿಷಯದಲ್ಲಿ ನನಗೆ ಬಹಳ ಹಿಡಿಸಿದ ಪ್ರಯೋಗಗಳು ಚಾರ್ಲ್ಸ್ ಡಾರ್ವಿನ್ನರವು. ಜೀವಿಗಳ ಉಗಮವನ್ನು ಕುರಿತ 1859ರ ಗ್ರಂಥದಲ್ಲಿ ಅವರು, ಎರಡು ತಿಂಗಳ ಅವಧಿಯಲ್ಲಿ ತಮ್ಮ ತೋಟದಲ್ಲಿ ಸಣ್ಣ ಹಕ್ಕಿಗಳ ಹಿಕ್ಕೆಯಿಂದ 12 ಬಗೆಯ ಬೀಜಗಳನ್ನು ಆಯ್ದುದಾಗಿಯೂ, ಪರೀಕ್ಷಿಸಿ ನೋಡಿದ ಕೆಲವು ಮೊಳೆತುದಾಗಿಯೂ ಬರೆದಿದ್ದಾರೆ. ಅದೇ ಗ್ರಂಥದ ನಂತರದ ಆವೃತ್ತಿಗಳಲ್ಲಿ ಇನ್ನೊಂದು ಸಂಗತಿ ಬರುತ್ತದೆ. ಗಾಯಗೊಂಡಿದ್ದ ಒಂದು ಕೌಜುಗದ ಕಾಲಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದ ಮಣ್ಣಿನ ಉಂಡೆಯನ್ನು ಯಾರೋ ಅವರಿಗೆ ಕಳಿಸಿಕೊಟ್ಟಿದ್ದರು. ಮೂರು ವರ್ಷ ಒಣಗಿಕೊಂಡಿದ್ದ ಆ ಉಂಡೆಯನ್ನು ಪುಡಿ ಮಾಡಿ, ನೀರು ಹಾಕಿ, ಗಾಜಿನ ಪಾತ್ರೆಯ ಕೆಳಗಿಟ್ಟಾಗ ಅದರಿಂದ 82 ಸಸಿಗಳು ಹುಟ್ಟಿದವಂತೆ. ಒಂದು ಹಕ್ಕಿಯ ಒಂದೇ ಕಾಲಿನ ಕೆಸರು! ಹೊಟ್ಟೆಯಲ್ಲಿ ಹೊತ್ತು ತರುವುದು ಮಾತ್ರವಲ್ಲದೆ, ಕೆರೆಯ ಅಂಚಿನಲ್ಲೋ ಗದ್ದೆಯ ಬದುವಿನಲ್ಲೋ ನಡೆದು ಬಂದ ಹಕ್ಕಿ ನಮ್ಮ ಅಂಗಳದಲ್ಲಿ ಕಾಲೂರಿದಾಗಲೂ ಏನಾದರೊಂದನ್ನು ಬಿಟ್ಟು ಹೋಗುತ್ತಿರಬಹುದು.

ಅವರ ದಾರಿಯಲ್ಲೇ ನಾನೂ ಒಂದು ಚಿಕ್ಕ ಪ್ರಯತ್ನ ಮಾಡಿದೆ. ತಂತಿಯ ಕೆಳಗೆ ಹಳೆಯ ಬಿಳಿ ಪಂಚೆಯೊಂದನ್ನು ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಹತ್ತು ದಿನ ಹಾಗೆಯೇ ಬಿಟ್ಟೆ. ಪ್ರತಿ ಸಂಜೆ ಅದರ ಮೇಲೆ ಬಿದ್ದದ್ದನ್ನು ಚಹಾ ಸೋಸುವ ಜಾಲರಿಯಲ್ಲಿಟ್ಟು ನೀರಿನಲ್ಲಿ ಮೆಲ್ಲನೆ ತೊಳೆದೆ. ಬಿಳಿಯ ಭಾಗ ಕರಗಿ ಹೋದ ಮೇಲೆ ಉಳಿಯುತ್ತಿದ್ದ ಬೀಜಗಳನ್ನು ಭೂತಗನ್ನಡಿಯಲ್ಲಿ ನೋಡುವುದೇ ಒಂದು ಸಂತೋಷ. ಬಸಳೆಯ ಗುಂಡು ಬೀಜ, ಮೆಣಸಿನ ಚಪ್ಪಟೆ ಬಿಲ್ಲೆ, ತೊಂಡೆಯ ಮಾಸಲು ಬಿಳುಪಿನ ಬೀಜ, ಗಣಿಕೆಯ ರವೆಯಂಥ ಕಾಳುಗಳು, ಧೂಳಿನ ಕಣದಂತಿದ್ದ ಅತ್ತಿ ಜಾತಿಯ ಬೀಜಗಳು, ಇವುಗಳ ಜೊತೆ ನಮ್ಮ ಹಿತ್ತಲಿನಲ್ಲಿ ಇಲ್ಲವೇ ಇಲ್ಲದ ಮರಗಳ ಬೀಜಗಳೂ ಸಿಕ್ಕವು. ಕುಂಡದಲ್ಲಿ ಹಾಕಿದಾಗ ಎಲ್ಲವೂ ಹುಟ್ಟಲಿಲ್ಲ. ಹುಟ್ಟಿದವುಗಳಲ್ಲಿ ಒಂದು ಏನೆಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಅದು ಗಸಗಸೆ ಹಣ್ಣಿನ ಮರ. ನಮ್ಮ ಸುತ್ತಮುತ್ತ ಅದು ಎಲ್ಲಿದೆಯೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಹಕ್ಕಿಗೆ ಗೊತ್ತಿದೆ.

ಸೂಜಿಮೆಣಸಿನ ವಿಚಾರವನ್ನು ಇಲ್ಲಿ ಹೇಳಲೇಬೇಕು. ನಾಲಿಗೆಯ ಮೇಲೆ ಬೆಂಕಿ ಇಟ್ಟಂತೆ ಉರಿಯುವ ಆ ಹಣ್ಣನ್ನು ಹಕ್ಕಿ ಹೇಗೆ ತಿನ್ನುತ್ತದೆ ಎಂದು ಚಿಕ್ಕಂದಿನಿಂದಲೂ ನನಗೆ ಆಶ್ಚರ್ಯವಿತ್ತು. ಖಾರವೆಂದರೆ ರುಚಿಯಲ್ಲ, ನೋವು. ನಮ್ಮ ನರಗಳಲ್ಲಿ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕ ಪ್ರೋಟೀನ್ ಇದೆ. ಮೆಣಸಿನಲ್ಲಿರುವ ಕ್ಯಾಪ್ಸೈಸಿನ್ ಅದನ್ನೇ ಕೆರಳಿಸುವುದರಿಂದ ಬಾಯಿ ಸುಟ್ಟ ಅನುಭವವಾಗುತ್ತದೆ. ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದರು. ಆ ದಾರಿಯ ಸಂಶೋಧನೆಗೆ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಹಕ್ಕಿಗಳಲ್ಲಿಯೂ ಅಂಥದೇ ಗ್ರಾಹಕವಿದೆ, ಬಿಸಿ ಅವಕ್ಕೂ ತಿಳಿಯುತ್ತದೆ, ಆದರೆ ಅದರ ರಚನೆಯಲ್ಲಿನ ವ್ಯತ್ಯಾಸದಿಂದ ಕ್ಯಾಪ್ಸೈಸಿನ್ ಅದನ್ನು ಕೆರಳಿಸುವುದಿಲ್ಲ. ಇದರಿಂದ ಗಿಡಕ್ಕೇನು ಲಾಭ? 2001ರಲ್ಲಿ ಜೋಶುವಾ ಟ್ಯೂಕ್ಸ್‌ಬರಿ ಮತ್ತು ಗ್ಯಾರಿ ನಭಾನ್ ಅವರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರವಿದೆ. ಅಮೆರಿಕದ ಅರಿಜೋನಾದ ಕಾಡುಮೆಣಸಿನ ಗಿಡಗಳನ್ನು ಗಮನಿಸಿದ ಅವರು, ಖಾರವಿಲ್ಲದ ಮೆಣಸನ್ನು ಇಲಿಯ ಜಾತಿಯ ಪ್ರಾಣಿಗಳಿಗೆ ತಿನ್ನಿಸಿ ನೋಡಿದಾಗ ಅವುಗಳ ಹೊಟ್ಟೆ ಹಾದು ಬಂದ ಬೀಜಗಳು ಮೊಳೆಯಲಿಲ್ಲ. ಹಕ್ಕಿ ತಿಂದ ಬೀಜಗಳು ಎಂದಿನಂತೆ ಮೊಳೆತವು. ಹಲ್ಲಿನಿಂದ ಜಗಿದು ಬೀಜವನ್ನು ಕೊಲ್ಲುವವರನ್ನು ಖಾರ ದೂರವಿಡುತ್ತದೆ, ಇಡಿಯಾಗಿ ನುಂಗಿ ದೂರ ಒಯ್ಯುವವರಿಗೆ ಅದು ತಾಗುವುದೇ ಇಲ್ಲ. ಕೆಂಪಗೆ ಮೇಲ್ಮುಖವಾಗಿ ನಿಂತ ಪುಟ್ಟ ಮೆಣಸುಗಳನ್ನು ಪಿಕಳಾರ ಒಂದೊಂದಾಗಿ ಕಿತ್ತು ನುಂಗುವಾಗ, ಮೆಣಸು ಯಾರಿಗಾಗಿ ಹಣ್ಣಾಗುತ್ತದೆ ಎಂಬುದು ನನಗೀಗ ಸ್ಪಷ್ಟ. ನಾವು ಆ ಗಿಡದಲ್ಲಿ ನಮಗೆ ಬೇಕಾದಷ್ಟನ್ನು ಹಸಿರಿರುವಾಗಲೇ ಕೊಯ್ದು, ಉಳಿದದ್ದನ್ನು ಕೆಂಪಾಗಲು ಬಿಡುತ್ತೇವೆ.

ಇಷ್ಟೆಲ್ಲ ಬರೆದದ್ದು ಒಂದು ಗಿಡದ ಬಗ್ಗೆ ಹೇಳುವುದಕ್ಕಾಗಿ. ತಂತಿಯ ಕೊನೆಯ ಕಂಬದ ಬಳಿ ಒಂದು ಹಳೆಯ ದಾಸವಾಳವಿದೆ. ಅದರ ಬುಡದಲ್ಲಿ, ನಾನು ಹೆಸರು ತಿಳಿಯದೆ ಬಿಟ್ಟಿದ್ದ ಎರಡು ಸಸಿಗಳು ಒಂದೇ ಬಗೆಯವಾಗಿದ್ದವು. ಎದುರುಬದುರಾಗಿ ಜೋಡಿಯಾಗಿ ಬಂದ, ತುದಿ ಚೂಪಾದ, ನುಣುಪಾದ ಎಲೆಗಳು. ಎಳೆಯ ಕಾಂಡಕ್ಕೆ ತಿಳಿಗೆಂಪು ಛಾಯೆ. ಎಲೆ ಹಿಸುಕಿ ಮೂಸಿದೆ, ವಿಶೇಷವಾದ ಪರಿಮಳವೇನೂ ಇರಲಿಲ್ಲ. ಗಿಡಗಳನ್ನು ಬಲ್ಲ ಹಿರಿಯರೊಬ್ಬರು ಮನೆಗೆ ಬಂದಾಗ ತೋರಿಸಿದೆ. ಅವರು ಬಗ್ಗಿ ನೋಡಿ, ಎಲೆಯನ್ನು ಬೆರಳಿನಿಂದ ಸವರಿ, “ಇದು ಶ್ರೀಗಂಧ ಕಣಮ್ಮ, ಯಾರೂ ನೆಟ್ಟಿಲ್ಲ ಅಂದ್ರೆ ಹಕ್ಕಿಯೇ ತಂದದ್ದು” ಎಂದರು. ನನಗೆ ಮಾತೇ ಹೊರಡಲಿಲ್ಲ. ಶ್ರೀಗಂಧದ ಪರಿಮಳ ಇರುವುದು ಅದರ ಚೇಗಿನಲ್ಲಿ, ಅಂದರೆ ಕಾಂಡದ ನಡುವಿನ ಗಟ್ಟಿ ಮರದಲ್ಲಿ, ಮತ್ತು ಬೇರಿನಲ್ಲಿ. ಮರಕ್ಕೆ ಚೇಗು ಕೂಡುವುದಕ್ಕೆ ಎಷ್ಟೋ ವರ್ಷ ಹಿಡಿಯುತ್ತದೆ. ಎಲೆಯಲ್ಲಿ ಗಂಧವನ್ನು ಹುಡುಕಿದ್ದು ನನ್ನ ತಿಳಿವಳಿಕೆಯ ಕೊರತೆ. ಕಪ್ಪು ನೇರಳೆಯ, ಗುಂಡಗಿನ, ತಲೆಯ ಮೇಲೆ ಚಿಕ್ಕ ಬಳೆಯ ಗುರುತಿರುವ ಗಂಧದ ಹಣ್ಣನ್ನು ಪಿಕಳಾರ, ಕೋಗಿಲೆ, ಕುಟ್ರುಹಕ್ಕಿಗಳೆಲ್ಲ ತಿನ್ನುತ್ತವೆ, ಮತ್ತು ಕಾಡಿನಲ್ಲಿ ಶ್ರೀಗಂಧ ಹಬ್ಬಿರುವುದೇ ಬಹುಮಟ್ಟಿಗೆ ಹೀಗೆ.

ಸಂಭ್ರಮದಲ್ಲಿ ನಾನೊಂದು ತಪ್ಪು ಮಾಡಿದೆ. ಎರಡು ಸಸಿಗಳಲ್ಲಿ ದೊಡ್ಡದನ್ನು, ದಾಸವಾಳದ ನೆರಳಿನಲ್ಲಿ ಸೊರಗಬಾರದೆಂದು, ಬುಡದ ಮಣ್ಣಿನ ಸಮೇತ ಎಚ್ಚರಿಕೆಯಿಂದ ಅಗೆದು, ಗೊಬ್ಬರ ತುಂಬಿದ ಹೊಸ ಕುಂಡಕ್ಕೆ ಬದಲಿಸಿ, ಒಳ್ಳೆಯ ಬಿಸಿಲಿರುವಲ್ಲಿ ಇಟ್ಟೆ. ಅಗೆಯುವಾಗ ಅದರ ಬೇರುಗಳು ದಾಸವಾಳದ ಬೇರಿಗೆ ಅಲ್ಲಲ್ಲಿ ಅಂಟಿದಂತಿದ್ದವು, ಸಣ್ಣ ಗಂಟುಗಳಂಥವು ಕಂಡವು. ನಾನು ಅವನ್ನು ಬಿಡಿಸಿಯೇ ತೆಗೆದೆ. ಮೂರನೆಯ ವಾರಕ್ಕೆ ಎಲೆಗಳು ಹಳದಿಯಾದವು, ತಿಂಗಳು ಕಳೆಯುವುದರೊಳಗೆ ತುದಿ ಒಣಗಿತು, ನೀರು ಹೆಚ್ಚಿಸಿದರೂ ಕಡಿಮೆ ಮಾಡಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಅದು ಸತ್ತಿತು. ಆಮೇಲೆ ಓದಿ ತಿಳಿದುಕೊಂಡದ್ದೇನೆಂದರೆ, ಶ್ರೀಗಂಧ ಅರೆ ಪರಾವಲಂಬಿ ಮರ. ತನ್ನ ಎಲೆಗಳಲ್ಲಿ ತಾನೇ ಆಹಾರ ತಯಾರಿಸಿಕೊಂಡರೂ, ನೀರು ಮತ್ತು ಲವಣಗಳ ದೊಡ್ಡ ಪಾಲಿಗೆ ಪಕ್ಕದ ಗಿಡದ ಬೇರನ್ನು ನೆಚ್ಚಿಕೊಳ್ಳುತ್ತದೆ. ನಾನು ಬಿಡಿಸಿ ಎಸೆದ ಆ ಗಂಟುಗಳೇ ಅದರ ಬಾಯಿ. ಹುಲ್ಲಿನಿಂದ ಹಿಡಿದು ದೊಡ್ಡ ಮರಗಳವರೆಗೆ ನೂರಾರು ಜಾತಿಯ ಗಿಡಗಳನ್ನು ಅದು ಹೀಗೆ ಆಶ್ರಯಿಸಬಲ್ಲದು. ನರ್ಸರಿಗಳಲ್ಲಿ ಗಂಧದ ಸಸಿ ಬೆಳೆಸುವವರು ಅದೇ ಚೀಲದಲ್ಲಿ ತೊಗರಿಯಂಥ ಆಸರೆ ಗಿಡವೊಂದನ್ನು ಬೆಳೆಸುವುದು ಇದಕ್ಕಾಗಿಯೇ.

ಈಗ ಹಿಂದಿರುಗಿ ಯೋಚಿಸಿದರೆ, ಹಕ್ಕಿ ಆರಿಸಿದ ಜಾಗ ನಾನು ಆರಿಸಿದ ಕುಂಡಕ್ಕಿಂತ ಎಷ್ಟು ಮೇಲಾಗಿತ್ತು ಎಂಬುದು ಮನಸ್ಸಿಗೆ ನಾಟುತ್ತದೆ. ಹಕ್ಕಿಗೆ ಆಸರೆ ಗಿಡದ ಅರಿವಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಹಕ್ಕಿ ಕೂರುವುದು ಕೊಂಬೆಯ ಮೇಲೆ, ಕೊಂಬೆಯ ಕೆಳಗೆ ಗಿಡದ ಬುಡವಿರುತ್ತದೆ, ಬುಡದಲ್ಲಿ ನೆರಳು, ತೇವ, ಎಲೆಗೊಬ್ಬರ, ಇನ್ನೊಂದು ಬೇರು ಎಲ್ಲವೂ ಇರುತ್ತವೆ. ಬಯಲಿಗೆ ಎಸೆದ ಬೀಜಕ್ಕೆ ಸಿಗದ ಭಾಗ್ಯ ಇದು. ಹಾಳುಬಿದ್ದ ನೆಲದಲ್ಲಿ ಮತ್ತೆ ಕಾಡು ಬೆಳೆಸಲು ಯತ್ನಿಸುವವರು ಬಯಲಿನ ನಡುವೆ ಹಕ್ಕಿ ಕೂರಲೆಂದೇ ಕಂಬ, ಒಣಕೊಂಬೆಗಳನ್ನು ನೆಡುವ ಪದ್ಧತಿಯಿದೆ. ಅಂಥ ಕಂಬಗಳ ಕೆಳಗೆ ಬೀಳುವ ಬೀಜಗಳ ಪ್ರಮಾಣ ಬಯಲಿಗಿಂತ ಬಹಳ ಹೆಚ್ಚು. ಉಳಿದ ಒಂದು ಗಂಧದ ಸಸಿಯನ್ನು ನಾನು ಮುಟ್ಟಲಿಲ್ಲ. ಅದು ಈಗ ನನ್ನ ಭುಜದೆತ್ತರಕ್ಕೆ ಬಂದಿದೆ. ದಾಸವಾಳ ಸ್ವಲ್ಪ ಬಡವಾಗಿದೆ, ಹೂವು ಕಡಿಮೆ, ಆದರೂ ಅದು ಈ ಭಾರವನ್ನು ತಾಳಿಕೊಂಡಿದೆ.

ಹಕ್ಕಿ ತಂದದ್ದೆಲ್ಲ ಒಳ್ಳೆಯದೇ ಎಂದು ಹೇಳಿದರೆ ಅದು ಸತ್ಯಕ್ಕೆ ದೂರವಾಗುತ್ತದೆ. ಹಿಂಬದಿಯ ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿಯನ್ನು, ಎರಡು ಎಲೆ ಎಷ್ಟು ಚೆಂದವಾಗಿ ಅಲುಗುತ್ತಿವೆ ಎಂದು ನೋಡುತ್ತ ನಾವು ಒಂದು ವರ್ಷ ಬಿಟ್ಟೆವು. ಅಷ್ಟರಲ್ಲಿ ಬೇರು ಇಟ್ಟಿಗೆಗಳ ನಡುವೆ ಇಳಿದು, ಗಾರೆ ಎದ್ದು, ಗೋಡೆಯ ಒಂದು ಭಾಗವನ್ನೇ ಬಿಚ್ಚಿ ಕಟ್ಟಬೇಕಾಯಿತು. ಆಲ, ಅರಳಿ, ಅತ್ತಿಗಳ ಬೀಜ ಅಷ್ಟು ಸಣ್ಣದು. ಅದಕ್ಕೆ ಚಿಟಿಕೆ ಧೂಳೂ ಹನಿ ತೇವವೂ ಸಾಕು. ಮರಗಳ ಕವಲಿನಲ್ಲಿ ಹುಟ್ಟಿ ನೆಲಕ್ಕೆ ಬೇರಿಳಿಸುವ ಜೀವನಕ್ಕೆ ಹೊಂದಿಕೊಂಡ ಅವಕ್ಕೆ ನಮ್ಮ ಗೋಡೆಯೂ ಒಂದು ಮರದ ಕವಲಿನಂತೆಯೇ. ಅಂಥ ಸಸಿಯನ್ನು ಬೆರಳುದ್ದ ಇರುವಾಗಲೇ, ಗೋಡೆ ನೆನೆದಿರುವ ದಿನ ನೋಡಿ, ಬೇರು ತುಂಡಾಗದಂತೆ ಎಳೆದು ತೆಗೆಯಬೇಕು. ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಲಂಟಾನವನ್ನೂ ನಾನು ಕಂಡ ಕೂಡಲೇ ಕೀಳುತ್ತೇನೆ. ಹಕ್ಕಿ ತನಗೆ ಸಿಕ್ಕ ಹಣ್ಣನ್ನು ತಿನ್ನುತ್ತದೆ, ಅದು ಸ್ಥಳೀಯವೋ ಹೊರಗಿನದೋ ಎಂಬ ಭೇದ ಅದಕ್ಕಿಲ್ಲ. ಮನುಷ್ಯರು ಮಾರಿಷಸ್ ದ್ವೀಪಕ್ಕೆ 19ನೇ ಶತಮಾನದ ಕೊನೆಯಲ್ಲಿ ಒಯ್ದ ಕೆಮ್ಮೀಸೆ ಪಿಕಳಾರ, ಅಲ್ಲಿ ಹೊರಗಿನ ಕಳೆಗಿಡಗಳನ್ನು ಕಾಡಿನೊಳಕ್ಕೆ ಹರಡುವ ಹಕ್ಕಿಯಾಗಿ ಪರಿಣಮಿಸಿದೆ. ಯಾವ ಗಿಡ ಉಳಿಯಬೇಕು, ಯಾವುದು ಹೋಗಬೇಕು ಎಂದು ನಿರ್ಧರಿಸುವ ಹೊಣೆ ತೋಟದವರದೇ.

ಬಂದಳಿಕೆಯ ವಿಷಯದಲ್ಲಿ ಮಾತ್ರ ನನ್ನ ನಿರ್ಧಾರ ಇನ್ನೂ ತೂಗುಯ್ಯಾಲೆಯಲ್ಲಿದೆ. ನಮ್ಮ ಮಾವಿನ ಮರದ ಒಂದು ಕೊಂಬೆಯ ಮೇಲೆ ಅದು ಬೇರೂರಿದೆ. ಅದನ್ನು ತಂದದ್ದು ಹೆಬ್ಬೆರಳಿನಷ್ಟೇ ಇರುವ ಬದನಿಕೆ ಹಕ್ಕಿ. ಬಂದಳಿಕೆಯ ಇನ್ನೊಂದು ಹೆಸರನ್ನೇ ಕನ್ನಡ ಈ ಹಕ್ಕಿಗೂ ಕೊಟ್ಟಿದೆ ಎಂದರೆ ಅವೆರಡರ ನಂಟನ್ನು ನಮ್ಮ ಹಿಂದಿನವರು ಎಷ್ಟು ಹತ್ತಿರದಿಂದ ನೋಡಿರಬೇಕು! ಬಂದಳಿಕೆಯ ಬೀಜದ ಸುತ್ತ ಗೋಂದಿನಂಥ ಅಂಟು ಇರುತ್ತದೆ. ಹಣ್ಣು ತಿಂದ ಕೆಲವೇ ನಿಮಿಷಗಳಲ್ಲಿ ಬೀಜ ಹೊರಬರುತ್ತದೆ, ಆದರೆ ಅಂಟಿನಿಂದಾಗಿ ತಾನಾಗಿ ಉದುರುವುದಿಲ್ಲ. ಹಕ್ಕಿ ಕೊಂಬೆಯ ಮೇಲೆ ಅಡ್ಡಲಾಗಿ ತಿರುಗಿ, ಹಿಂಭಾಗವನ್ನು ತೊಗಟೆಗೆ ಉಜ್ಜಿ ಅದನ್ನು ಬಿಡಿಸಿಕೊಳ್ಳುತ್ತದೆ; ಬೀಜ ಎಲ್ಲಿ ಅಂಟಬೇಕೋ ಅಲ್ಲೇ ಅಂಟುತ್ತದೆ. ನಾನು ಒಮ್ಮೆ ನೋಡಿದಾಗ ಬೆಳಗಿನ ಬಿಸಿಲಿನಲ್ಲಿ ಮೂರು ಬೀಜಗಳು ಒಂದೇ ಎಳೆಯಲ್ಲಿ ಮಣಿಸರದಂತೆ ಕೊಂಬೆಯಿಂದ ತೂಗುತ್ತಿದ್ದವು. ಮಾವಿಗೆ ಅದು ಹೊರೆಯೆಂದು ಬಲ್ಲೆ, ಹಬ್ಬಿದರೆ ಕೊಂಬೆ ಒಣಗುತ್ತದೆ. ಆದರೂ ಅದರ ಹೂವಿಗೆ ಸೂರಕ್ಕಿ ಬರುತ್ತದೆ, ಹಣ್ಣಿಗೆ ಬದನಿಕೆ ಹಕ್ಕಿ ಬರುತ್ತದೆ. ಸದ್ಯಕ್ಕೆ ಒಂದು ಗೊಂಚಲನ್ನು ಉಳಿಸಿಕೊಂಡು, ಹೊಸದಾಗಿ ಅಂಟಿದವನ್ನು ತೆಗೆಯುತ್ತಿದ್ದೇನೆ.

ಹಕ್ಕಿಗಳಿಂದ ತೋಟಕ್ಕೆ ಆಗುವ ಉಪಕಾರ ಬೀಜ ತರುವುದೊಂದೇ ಅಲ್ಲ. ಮರಿ ಮಾಡುವ ಕಾಲದಲ್ಲಿ, ಹಣ್ಣು ತಿನ್ನುವ ಹಕ್ಕಿಗಳೂ ಮರಿಗಳಿಗೆ ಹುಳುಗಳನ್ನೇ ಹೆಚ್ಚಾಗಿ ಉಣಿಸುತ್ತವೆ. ಉತ್ತರ ಅಮೆರಿಕದ ಚಿಕಡೀ ಎಂಬ ಪುಟ್ಟ ಹಕ್ಕಿಯ ಜೋಡಿ ಒಂದು ಸಂಸಾರದ ಮರಿಗಳನ್ನು ಗೂಡು ಬಿಡುವವರೆಗೆ ಸಾಕಲು 6,000ದಿಂದ 9,000 ಕಂಬಳಿಹುಳುಗಳನ್ನು ಹೊತ್ತು ತರುತ್ತದೆ ಎಂಬ ಲೆಕ್ಕವಿದೆ. ನಮ್ಮಲ್ಲಿ ಗೂಡು ಮಾಡಿದ ಸಿಂಪಿಗ ಹಕ್ಕಿಯ ಲೆಕ್ಕವನ್ನು ನಾನು ಇಟ್ಟಿಲ್ಲ, ಆದರೆ ಅದು ಬದನೆಯ ಎರಡು ಅಗಲ ಎಲೆಗಳ ಅಂಚನ್ನು ಹತ್ತಿಯ ಎಳೆಯಿಂದ ಹೊಲಿದು ಗೂಡು ಕಟ್ಟಿದ ಆ ಹದಿನೈದು ಇಪ್ಪತ್ತು ದಿನ, ಪಕ್ಕದ ಸಾಲಿನ ಗಿಡಗಳಲ್ಲಿ ಎಲೆ ಸುರುಳಿ ಮಾಡುವ ಹುಳು ಕಾಣಲಿಲ್ಲ. ಹೊಲಿಗೆಯ ಪ್ರತಿ ತೂತಿನ ಹೊರಬದಿಯಲ್ಲಿ ನೂಲು ಉಬ್ಬಿ ಗಂಟಿನಂತೆ ನಿಂತಿದ್ದನ್ನು, ಮರಿಗಳು ಹಾರಿಹೋದ ಮೇಲೆ, ಕೈಯಲ್ಲಿ ಹಿಡಿದು ನೋಡಿದ್ದೇನೆ. ತೋಟಕ್ಕೆ ಯಾವುದೇ ಕೀಟನಾಶಕ ಸಿಂಪಡಿಸುವುದನ್ನು ನಾವು ಬಿಟ್ಟದ್ದು ಆ ವರ್ಷದಿಂದ. ವಿಷ ತಿಂದ ಹುಳು ಮೊದಲು ಹೋಗಿ ಸೇರುವುದು ಮರಿಯ ಬಾಯಿಗೆ.

ಹಕ್ಕಿಗಳಿಗೆಂದು ನಾವು ಮಾಡುವುದು ಬಹಳವೇನಿಲ್ಲ. ಹಳೆಯ ತಂತಿ ಇದೆ, ಅದರ ಪಕ್ಕದಲ್ಲಿ ಒಂದು ಒಣಗಿದ ನುಗ್ಗೆಯ ಕೊಂಬೆಯನ್ನು ಹೂತಿದ್ದೇವೆ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳಿನಷ್ಟು ಆಳದ ನೀರು ಇಡುತ್ತೇವೆ. ದಿನವೂ ಚೆಲ್ಲಿ, ತಟ್ಟೆ ಉಜ್ಜಿ, ಹೊಸ ನೀರು ಹಾಕುವುದನ್ನು ತಪ್ಪಿಸುವುದಿಲ್ಲ, ಏಕೆಂದರೆ ನಿಂತ ನೀರಿನಿಂದ ಹಕ್ಕಿಗಳಿಗೂ ರೋಗ, ಸೊಳ್ಳೆಯಿಂದ ನಮಗೂ ತೊಂದರೆ. ಬಸಳೆ, ತೊಂಡೆ, ಹಾಗಲ ಬಳ್ಳಿಗಳಲ್ಲಿ ಕೊನೆಯ ಒಂದಿಷ್ಟನ್ನು ಕೊಯ್ಯದೆ ಹಣ್ಣಾಗಲು ಬಿಡುತ್ತೇವೆ. ಹಾಗಲ ಹಣ್ಣಾಗಿ ಬಿರಿದಾಗ ಒಳಗೆ ಕಾಣುವ ಕಡುಗೆಂಪು ತಿರುಳನ್ನು ಗೊರವಂಕಗಳು ಹೇಗೆ ಮುಗಿಬಿದ್ದು ತಿನ್ನುತ್ತವೆ ಎಂಬುದನ್ನು ಒಮ್ಮೆ ನೋಡಿದವರು ಎಲ್ಲ ಕಾಯಿಯನ್ನೂ ಕೊಯ್ಯಲಾರರು.

ಎಲ್ಲಕ್ಕಿಂತ ಕಷ್ಟವಾದದ್ದು ಕಳೆ ಕೀಳುವ ಕೈಯನ್ನು ತಡೆಯುವುದು. ಬೀಜದೆಲೆಗಳು ಬಹುತೇಕ ಗಿಡಗಳಲ್ಲಿ ಒಂದೇ ರೀತಿ ಕಾಣುತ್ತವೆ. ನಿಜವಾದ ಎಲೆ ಎರಡು ಜೊತೆಯಾದರೂ ಬರುವವರೆಗೆ ಗಿಡದ ಗುರುತು ಸಿಗುವುದಿಲ್ಲ. ಆದ್ದರಿಂದ ತಂತಿಯ ಕೆಳಗೆ, ಬೇಲಿಯ ಬುಡದಲ್ಲಿ, ಮರಗಳ ನೆರಳಿನಲ್ಲಿ ನಾಲ್ಕೆಲೆಯವರೆಗೆ ಏನನ್ನೂ ಕೀಳಬಾರದೆಂದು ನಾವು ಮನೆಯವರೆಲ್ಲ ಒಪ್ಪಿಕೊಂಡಿದ್ದೇವೆ. ಮೊದಮೊದಲು ಅಮ್ಮನಿಗೆ ಇದು ಒಪ್ಪಿಗೆಯಾಗಿರಲಿಲ್ಲ; ಅಂಗಳ ಕಾಡಿನಂತಾಗುತ್ತದೆ ಎನ್ನುತ್ತಿದ್ದರು. ಈಗ ಹೊಸ ಸಸಿ ಕಂಡರೆ ಅದರ ಪಕ್ಕ ಒಂದು ಕಡ್ಡಿ ನೆಟ್ಟು ನನಗೆ ಬಂದು ಹೇಳುವುದು ಅವರೇ.

ಮೊನ್ನೆಯೂ ಹಾಗೆ ಒಂದು ಕಡ್ಡಿ ನೆಟ್ಟಿದ್ದಾರೆ. ನುಗ್ಗೆಯ ಕೊಂಬೆಯ ಬುಡದಲ್ಲಿ, ಒಡೆದ ಹೆಂಚಿನ ಚೂರಿನ ಮಗ್ಗುಲಿಗೆ, ತಿಳಿಹಸಿರು ಸಸಿಯೊಂದು ಎದ್ದಿದೆ. ಬೀಜದ ಒಣ ಸಿಪ್ಪೆ ಇನ್ನೂ ಒಂದು ಎಲೆಯ ತುದಿಯಲ್ಲಿ ಟೋಪಿಯಂತೆ ಸಿಕ್ಕಿಕೊಂಡಿದೆ. ಎಲೆಯ ಅಂಚಿನಲ್ಲಿ ಸಣ್ಣ ಗರಗಸದ ಹಲ್ಲುಗಳಿವೆ, ಬುಡದ ಕಡೆ ಅವು ಮಾಯವಾಗುತ್ತವೆ. ಬೇವು ಇರಬಹುದು ಎಂದು ಅಮ್ಮ, ಬೇರೆಯೇ ಇರಬೇಕು ಎಂದು ನಾನು. ಎರಡನೆಯ ಜೊತೆ ಎಲೆ ಇವತ್ತು ಬೆಳಿಗ್ಗೆ ಬಿಚ್ಚಿಕೊಳ್ಳತೊಡಗಿದೆ.